ಅಕ್ಕಿ ತೊಳೆಯುವ ಏಳು ನಿಮಿಷ

ಹೋಬೋಕನ್, ನ್ಯೂಜೆರ್ಸಿ
10 ಜನವರಿ 2024

ಪೂಜ್ಯ ಬಸವಪ್ರಸಾದ್ ಸರ್ ಅವರಿಗೆ,

ನಿರುಪಮಾಳ ನಮಸ್ಕಾರಗಳು. ಯಾವ ನಿರುಪಮಾ ಎಂದು ಕೇಳುತ್ತೀರಿ, ಗೊತ್ತು. 1983ರಲ್ಲಿ ಧಾರವಾಡದ ನಿಮ್ಮ ಪಿಯುಸಿ ಇಂಗ್ಲಿಷ್ ಕ್ಲಾಸಿನಲ್ಲಿ ಎರಡನೆಯ ಬೆಂಚಿನಲ್ಲಿ ಕೂತು, ದಿನಕ್ಕೊಮ್ಮೆಯಾದರೂ ನಿಮ್ಮಿಂದ ‘ಬಾಯಿಬಡಕಿ’ ಅನ್ನಿಸಿಕೊಂಡವಳು. ನಿಮಗೆ ಈಗ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಇಮೇಲ್ ಮಾತ್ರ ನೋಡುತ್ತೀರಿ ಎಂದು ನನ್ನ ಅಕ್ಕ ಹೇಳಿದಳು. ಅದಕ್ಕೇ ಈ ಕಾಗದ.

ನಾನು ಮ್ಯಾನ್‌ಹಟನ್ನಿನ ಒಂದು ಸಿನಿಮಾ ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತೇನೆ. ವಯಸ್ಸಾದ ನಿರ್ದೇಶಕರನ್ನು ಮಾತಾಡಿಸಿ, ರೆಕಾರ್ಡ್ ಮಾಡಿ, ಬರೆದಿಡುವುದು ನನ್ನ ಕೆಲಸ. ಕಳೆದ ಸೆಪ್ಟೆಂಬರಿನಿಂದ ಪ್ರತಿ ಬುಧವಾರ ಬಸ್ಸು ಹಿಡಿದು ಫೋರ್ಟ್ ಲೀಗೆ ಹೋಗಿ ಶಿಗೆರು ಓಕಿತ್ಸು ಎಂಬ ಜಪಾನಿ ನಿರ್ದೇಶಕರ ಎದುರು ಕೂರುತ್ತಿದ್ದೇನೆ. ಎಂಬತ್ತೆಂಟು ವರ್ಷ. ತಾಯಿ ಬಂದರಿನ ಊರೊಂದರ ಥಿಯೇಟರಿನಲ್ಲಿ ಟಿಕೆಟ್ ಹರಿಯುತ್ತಿದ್ದಳಂತೆ. ದುಡ್ಡು ಕೊಡದ ಮಗನಿಗೆ ಪರದೆಯ ಹಿಂದೆ ಮಾತ್ರ ಜಾಗ. ಹೀಗಾಗಿ ಬಾಲ್ಯದ ಸಿನಿಮಾಗಳನ್ನೆಲ್ಲ ಎಡಬಲ ತಿರುಗುಮುರುಗಾಗಿಯೇ ನೋಡಿದವರು. ಹತ್ತೊಂಬತ್ತಕ್ಕೆ ಸ್ಟುಡಿಯೋ ಸೇರಿ, ಹತ್ತು ವರ್ಷ ಬೇರೆಯವರ ಸಿನಿಮಾಗಳಿಗೆ ಪೈಪು ಹಿಡಿದು ಮಳೆ ಬರಿಸಿ, ಆಮೇಲೆ ಒಂಬತ್ತು ಸಿನಿಮಾ ಮಾಡಿದರು. ಒಂಬತ್ತನೆಯದು ‘ಚಳಿಗಾಲದ ಅಕ್ಕಿ’, 1980. ಅದಾದ ಮೇಲೆ ಒಂದೂ ಇಲ್ಲ.

ಆ ಒಂಬತ್ತನೆಯದು ಲೋಕದಲ್ಲಿ ಎಲ್ಲೂ ಇಲ್ಲ ಸರ್. ನೆಗೆಟಿವ್ ಇಟ್ಟಿದ್ದ ಗೋದಾಮಿಗೆ ನೀರು ನುಗ್ಗಿ ಎಲ್ಲ ಹಾಳಾಯಿತು. ಭಾರತದ ಫಿಲ್ಮ್ ಸೊಸೈಟಿಗಳಿಗೆಂದು ಕಳಿಸಿದ್ದ ಒಂದು ಪ್ರಿಂಟ್ ಉಳಿದಿತ್ತು. ಅದೂ ಅಲ್ಲೇ ಕಳೆಯಿತಂತೆ. ನಾನು ಮೂರ್ಖಳ ಹಾಗೆ, ‘ಅದನ್ನು ನಾನು ಧಾರವಾಡದಲ್ಲಿ ನೋಡಿದ್ದೇನೆ’ ಅಂದುಬಿಟ್ಟೆ. ಅವರು ಚಹಾದ ಬಟ್ಟಲು ಕೆಳಗಿಟ್ಟು, ಕೊನೆಯ ಶಾಟ್ ಇತ್ತೇ ಎಂದು ಕೇಳಿದರು. ಹೆಂಗಸೊಬ್ಬಳು ಅಕ್ಕಿ ತೊಳೆಯುವ ಏಳು ನಿಮಿಷದ ಶಾಟ್, ಮಾತಿಲ್ಲ ಕತೆಯಿಲ್ಲ. ಅವಳು ನಟಿಯಲ್ಲ, ಅವರ ಹೆಂಡತಿ ಸೆತ್ಸು. ಮರುವರ್ಷ ತೀರಿಕೊಂಡರು. ಆ ಶಾಟನ್ನು ಒಮ್ಮೆ ನೋಡಬೇಕು ಎನ್ನುವುದೊಂದೇ ಈಗ ಅವರಿಗೆ ಉಳಿದಿರುವ ಆಸೆ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನ ನಡುವೆ ಮಬ್ಬು ಕೂತಿದೆ, ತಿಂಗಳಿಗೊಂದು ಇಂಜೆಕ್ಷನ್. ಎಷ್ಟು ದಿನ ಎಂದು ಡಾಕ್ಟರು ಹೇಳುತ್ತಿಲ್ಲ.

ಸರ್, ಧಾರವಾಡದ ಫಿಲ್ಮ್ ಸೊಸೈಟಿ ನಡೆಸಿದವರು ನೀವು. ಆ ಪ್ರಿಂಟ್ ಎಲ್ಲಿಗೆ ಹೋಯಿತು? ಬೇಗ ಬರೆಯಿರಿ. ನನಗೆ ಹೆದರಿಕೆಯಾಗುತ್ತಿದೆ.

ನಿಮ್ಮ ವಿದ್ಯಾರ್ಥಿನಿ,
ನಿರುಪಮಾ

ಧಾರವಾಡ
4 ಫೆಬ್ರವರಿ 2024

ಚಿ. ನಿರುಪಮಾ,

ಆಶೀರ್ವಾದ. ಬಾಯಿಬಡಕಿಯನ್ನು ಮರೆಯಲಾದೀತೇ? ನಿನ್ನ ಕಾಗದ ಬಂದು ಮೂರು ವಾರ ಮೇಲಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ನನಗೆ ಒಂದು ಪುಟಕ್ಕೆ ಒಂದು ಮಧ್ಯಾಹ್ನ ಬೇಕು. ತಡಕ್ಕೆ ಅದೇ ಕಾರಣ, ಬೇರೇನಲ್ಲ.

ಎಂಥ ಕಾಲ ನೆನಪಿಸಿದೆ. ಆಗ ಒಂದು ಪ್ರಿಂಟ್ ಊರಿಂದ ಊರಿಗೆ ಮದುವೆಯ ಹಂಡೆಯಂತೆ ತಿರುಗುತ್ತಿತ್ತು. ಪುಣೆಯವರು ತೋರಿಸಿ ಬೆಳಗಾವಿಗೆ, ಬೆಳಗಾವಿಯವರು ನಮಗೆ, ನಾವು ಗದಗಿಗೆ. ತೋರಿಸಿದವರೇ ಮುಂದಿನ ಊರಿಗೆ ರೈಲ್ವೆ ಪಾರ್ಸಲ್ ಮಾಡಬೇಕು, ಒಂದು ದಿನ ತಡವಾದರೂ ಮುಂದಿನ ಊರಿನ ಶೋ ರದ್ದು. ಪ್ರೊಜೆಕ್ಟರ್ ನಮ್ಮದಲ್ಲ, ಕೃಷಿ ಇಲಾಖೆಯಿಂದ ಕಡ ತಂದದ್ದು. ಹತ್ತಿ ಬೀಜದ ಡಾಕ್ಯುಮೆಂಟರಿ ತೋರಿಸುವ ಯಂತ್ರದಲ್ಲಿ ನಾವು ಜಗತ್ತಿನ ಸಿನಿಮಾ ನೋಡಿದೆವು. ಬಲ್ಬು ಸುಟ್ಟರೆ ಹುಬ್ಬಳ್ಳಿಗೆ ಓಡಬೇಕಿತ್ತು. ಒಮ್ಮೆ ಇಂಟರ್ವಲ್ಲಿಗೆ ಮುಂಚೆ ಬಲ್ಬು ಹೋಗಿ, ಅದು ಬರುವ ತನಕ ನಾನು ಒಂದೂವರೆ ಗಂಟೆ ಭಾಷಣ ಮಾಡಿದ್ದೆ. ಯಾರೂ ಎದ್ದು ಹೋಗಲಿಲ್ಲ.

ನೀನು ಕೇಳಿದ ಸಿನಿಮಾ ನನಗೆ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಎಪ್ಪತ್ತೆರಡಾಯಿತು. ಸೊಸೈಟಿ ಮುಚ್ಚಿ ಇಪ್ಪತ್ತು ವರ್ಷವಾಯಿತು, ಸಾಮಾನು ಅಲ್ಲಿ ಇಲ್ಲಿ ಚೆಲ್ಲಾಪಿಲ್ಲಿ. ಹುಡುಕಿ ನೋಡುತ್ತೇನೆ. ಆದರೆ ಆ ಹಿರಿಯರಿಗೆ ಆಸೆ ಹಚ್ಚಬೇಡ. ಆಸೆ ಹಚ್ಚುವುದು ಸುಲಭ.

ನಮ್ಮಾಕೆ ಪ್ರಭಾ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದಳು. ಆ ಸೆತ್ಸು ಎಂಬುವರು ಯಾವ ಕಾಯಿಲೆಯಿಂದ ತೀರಿಕೊಂಡರು? ಹೆಸರು ನನಗೆ ಈಗಲೇ ತಿಳಿದದ್ದು.

ನಿನ್ನ,
ಬಸವಪ್ರಸಾದ್

ಹೋಬೋಕನ್
14 ಫೆಬ್ರವರಿ 2024

ಪೂಜ್ಯ ಸರ್,

ಹೊಟ್ಟೆಯ ಕ್ಯಾನ್ಸರ್. ಶೂಟಿಂಗ್ ಆಗುವಾಗಲೇ ಇತ್ತು, ಯಾರಿಗೂ ಗೊತ್ತಿರಲಿಲ್ಲ.

ಆಸೆ ಹಚ್ಚಬೇಡ ಎಂದಿರಿ. ಹಚ್ಚಿ ಆಗಿದೆ ಸರ್. ನೀವು ಹುಡುಕುತ್ತಿದ್ದೀರಿ ಎಂದು ಹೇಳಿಬಿಟ್ಟೆ. ನಿಮ್ಮ ಹೆಸರನ್ನು ಎರಡು ಸಲ ಹೇಳಿಸಿದರು, ಬ-ಸ-ವ ಎಂದು ತಾವೂ ಹೇಳಿ ನೋಡಿದರು. ಅವರ ಮಗಳು ಮಿದೋರಿ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಫಾರ್ಮಸಿಸ್ಟ್, ಭಾನುವಾರ ಮಾತ್ರ ಬರುತ್ತಾಳೆ. ಅವಳೂ ನಿಮ್ಮ ಹಾಗೆಯೇ ನನ್ನನ್ನು ಬೈದಳು. ನನ್ನ ಮಗ ಮಿಹಿರ್, ‘ಅಮ್ಮಾ, ಯು ಆಲ್ವೇಸ್ ಪ್ರಾಮಿಸ್ ಫಸ್ಟ್’ ಅಂದ. ಅವನು ಹೇಳುವುದು ಸುಳ್ಳಲ್ಲ.

ಇನ್ನೊಂದು ಅವಸರವನ್ನೂ ಮಾಡಿದ್ದೇನೆ. ಜೂನ್ ಎಂಟು, ಶನಿವಾರ, ನಮ್ಮ ಸಂಗ್ರಹಾಲಯದಲ್ಲಿ ಅವರ ಸಿನಿಮಾ ತೋರಿಸುವುದೆಂದು ದಿನ ಗೊತ್ತಾಗಿದೆ. ಪ್ರಿಂಟ್ ಬಂದರೆ ಇಲ್ಲಿಯ ಲ್ಯಾಬು ಸರಿ ಮಾಡಿ ಕೊಡುತ್ತದೆ.

ಇಲ್ಲಿ ಅವರು ಏನು ಮಾಡಿದರು ಗೊತ್ತೇ? 1983ರ ಏಪ್ರಿಲಿನಲ್ಲಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಹತ್ತನೆಯ ಸಿನಿಮಾಕ್ಕೆ ದುಡ್ಡು ಹಾಕುತ್ತೇನೆ ಎಂದವನೊಬ್ಬ ನ್ಯೂಯಾರ್ಕಿನಲ್ಲಿ ಸಿಕ್ಕಿದ್ದ. ಅದು ಆಗಲಿಲ್ಲ. ಹಿಂದಕ್ಕೆ ಹೋಗಲೂ ಇಲ್ಲ. ಇಲ್ಲಿಯ ಒಂದು ಕಾರಿನ ಬಿಡಿಭಾಗಗಳ ಕಂಪನಿಗೆ ಇಪ್ಪತ್ತೆರಡು ವರ್ಷ ಟ್ರೇನಿಂಗ್ ವಿಡಿಯೋ ಮಾಡಿದರು. ಪೆಟ್ಟಿಗೆಯನ್ನು ಬೆನ್ನು ನೋಯದಂತೆ ಎತ್ತುವುದು ಹೇಗೆ, ಕೈಗವಸು ಹಾಕುವುದು ಹೇಗೆ. ನನಗೆ ಒಂದನ್ನು ತೋರಿಸಿದರು. ಕೆಲಸಗಾರನೊಬ್ಬ ಕೈಗವಸು ಹಾಕಿಕೊಳ್ಳುವುದನ್ನು ಕಣ್ಣು ಕೀಳದೆ ನೋಡಿದೆ ಸರ್, ಅಷ್ಟು ಚೆನ್ನಾಗಿದೆ.

ಒಂದು ಮಾತು, ತಪ್ಪು ತಿಳಿಯಬೇಡಿ. ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ಸುಮ್ಮನೆ ಕೊಡಲು ಯಾರಿಗೂ ಮನಸ್ಸಾಗುವುದಿಲ್ಲ. ನಿಮ್ಮ ಹೆಸರು, ಸೊಸೈಟಿಯ ಹೆಸರು ಪರದೆಯ ಮೇಲೆ ಬರುವಂತೆ ಮಾಡುತ್ತೇನೆ. ನಿಮಗೂ ಪ್ರಭಾ ಆಂಟಿಗೂ ಟಿಕೆಟ್ ಕಳಿಸುತ್ತಾರೆ. ಬನ್ನಿ, ನಿಮ್ಮ ಕೈಯಿಂದಲೇ ಅವರಿಗೆ ಕೊಡಿ.

ನಿರುಪಮಾ

ಧಾರವಾಡ
20 ಮಾರ್ಚ್ 2024

ಚಿ. ನಿರುಪಮಾ,

ಟಿಕೆಟ್ ಬೇಡ. ಪರದೆಯ ಮೇಲೆ ಹೆಸರು ಖಂಡಿತ ಬೇಡ. ಹೆಸರು ಹಾಕುವುದಾದರೆ ನಾನು ಏನನ್ನೂ ಕಳಿಸುವುದಿಲ್ಲ.

ಮೂರು ಡಬ್ಬಿಗಳಲ್ಲಿ ಎರಡು ಸಿಕ್ಕಿವೆ. ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಮೂರನೆಯದು ಸಿಗುವುದು ಕಷ್ಟ. ಎರಡನ್ನೇ ಕಳಿಸಲೇ? ಮೊಣಕಾಲು ನೋವಿನಿಂದ ಕೊರಿಯರ್ ಆಫೀಸಿನ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಸ್ವಲ್ಪ ದಿನ ತಡೆ.

ಬಸವಪ್ರಸಾದ್

ಹೋಬೋಕನ್
11 ಏಪ್ರಿಲ್ 2024

ಸರ್,

ಎರಡು ಡಬ್ಬಿ ಸಿಕ್ಕಿದವು ಎಂದು ಓದಿದಾಗ ಫೆರಿಯಲ್ಲಿದ್ದೆ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಮೂರನೆಯದು ಕಷ್ಟ ಎಂದು ಓದಿದಾಗ, ಹೊಗಳಿಕೆ ಸಾಲದೆ ಸತಾಯಿಸುತ್ತಿದ್ದೀರಿ ಎಂದುಕೊಂಡೆ. ಕೊನೆಯ ಶಾಟ್ ಇರುವುದು ಮೂರನೆಯ ಡಬ್ಬಿಯಲ್ಲೇ ಅಲ್ಲವೇ? ನಿಮಗೆ ಬುದ್ಧಿ ಹೇಳಿ ಉದ್ದದ ಕಾಗದ ಬರೆದಿದ್ದೆ. ಅದನ್ನು ಕಳಿಸಲಿಲ್ಲ.

ಏಕೆಂದರೆ ನಿನ್ನೆ ಬುಧವಾರ ಓಕಿತ್ಸು ಅವರ ಹಳೆಯ ಕಾಗದಗಳ ಪೆಟ್ಟಿಗೆ ನನ್ನ ಕೈಗೆ ಬಂತು. ಪಟ್ಟಿ ಮಾಡಲು ಮಿದೋರಿ ಕೊಟ್ಟಳು. ಅದರಲ್ಲಿ 3 ಮಾರ್ಚ್ 1983ರ ಒಂದು ಪತ್ರವಿದೆ. ಒಳ್ಳೆಯ ಇಂಗ್ಲಿಷ್. ‘ಮೂರೂ ಡಬ್ಬಿಗಳನ್ನು ಗದಗಿಗೆ ರೈಲ್ವೆ ಪಾರ್ಸಲ್ ಮಾಡಿದ್ದೆವು. ದಾರಿಯಲ್ಲಿ ಕಳೆದುಹೋಗಿವೆ. ವಿಷಾದಿಸುತ್ತೇವೆ.’ ಕೆಳಗಿನ ಸಹಿ ನನಗೆ ಗೊತ್ತು. ನನ್ನ ಪ್ರಬಂಧಗಳ ಕೆಳಗೆ ಕೆಂಪು ಶಾಯಿಯಲ್ಲಿ ಅದನ್ನು ಎರಡು ವರ್ಷ ನೋಡಿದ್ದೇನೆ.

ಕಳೆದುಹೋದ ಡಬ್ಬಿಗಳು ನಿಮ್ಮ ಮನೆಗೆ ಹೇಗೆ ಬಂದವು?

ಆ ಪತ್ರ ಏನು ಮಾಡಿತು ಎಂದು ನಿಮಗೆ ಗೊತ್ತಿರಲಿ. ನ್ಯೂಯಾರ್ಕಿನವನು ಹಿಂದಿನ ಸಿನಿಮಾ ನೋಡಿಯೇ ದುಡ್ಡು ಹಾಕುತ್ತೇನೆ ಎಂದಿದ್ದ. ಇವರು ಭಾರತದ ಪ್ರಿಂಟ್ ತರಿಸುತ್ತೇನೆ ಎಂದು ಮಾತು ಕೊಟ್ಟು ಬಂದರು. ಜಪಾನಿ ದೂತಾವಾಸದ ಮೂಲಕ ಬಂದದ್ದು ನಿಮ್ಮ ಪತ್ರ. ಅವನು ಎರಡು ತಿಂಗಳು ಕಾದು ಹಿಂದೆ ಸರಿದ. ಕೈಗವಸಿನ ವಿಡಿಯೋಗಳ ಹಿಂದೆ ನೀವಿದ್ದೀರಿ ಸರ್.

ನನಗೆ ಈಗ ಅವರ ಎದುರು ಕೂರಲು ಭಯ. ನಿಮ್ಮ ಹೆಸರನ್ನು ಎರಡು ಸಲ ಹೇಳಿಸಿದ್ದರಲ್ಲ, ಅವರಿಗೆ ನೆನಪಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಕೇಳುವ ಧೈರ್ಯವಿಲ್ಲ. ಹೋದ ವಾರದ ಇಂಜೆಕ್ಷನ್ ಕೆಲಸ ಮಾಡಿಲ್ಲ. ನೇರ ನೋಡಿದರೆ ನನ್ನ ಮುಖ ಕಾಣುವುದಿಲ್ಲವಂತೆ, ಓರೆಗಣ್ಣಿನಲ್ಲಿ ಬಾಗಿಲ ಚೌಕಟ್ಟು ಮಾತ್ರ ಕಾಣುತ್ತದಂತೆ. ನೀವು ತಡಮಾಡಿದ ಒಂದೊಂದು ವಾರವನ್ನೂ ನಾನು ಎಣಿಸುತ್ತಿದ್ದೇನೆ.

ನಿರುಪಮಾ

ಧಾರವಾಡ
28 ಏಪ್ರಿಲ್ 2024

ಚಿ. ನಿರುಪಮಾ,

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ನಿನ್ನ ಮೊದಲ ಕಾಗದ ಬಂದ ದಿನದಿಂದ ನನ್ನದು ಅದೇ ಪಾಡು. ನೀನು ಪತ್ರ ಕಂಡುಹಿಡಿದದ್ದು ಒಳ್ಳೆಯದಾಯಿತು ಎಂದು ಹೇಳಲಾರೆ. ಒಳ್ಳೆಯದೇನೂ ಆಗಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನೀನು ನೋಡಿದ ಶೋಗೆ ಒಬ್ಬ ದೊಡ್ಡ ಮನುಷ್ಯರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆವು. ಸೊಸೈಟಿಗೆ ಸ್ವಂತ ಪ್ರೊಜೆಕ್ಟರ್ ಕೊಡಿಸುತ್ತೇನೆ ಎಂದಿದ್ದರು. ಸಿನಿಮಾ ಚೆನ್ನಾಗಿಯೇ ಓಡಿತು. ಕೊನೆಗೆ ಆ ಅಕ್ಕಿ ಬಂತು. ಒಂದು ನಿಮಿಷ ಜನ ಸುಮ್ಮನಿದ್ದರು. ಎರಡನೆಯ ನಿಮಿಷಕ್ಕೆ ಯಾರೋ, ‘ಪಲ್ಯಾ ಯಾವಾಗ ಮಾಡ್ತಾಳ್ರೀ’ ಅಂದರು. ಸಭೆಗೆ ಸಭೆಯೇ ನಕ್ಕಿತು. ದೊಡ್ಡ ಮನುಷ್ಯರು ಎದ್ದು ಹೋದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಗದಗಿನಲ್ಲಿ ಹೀಗಾಗಬಾರದು ಎಂದು ನಾನೇ ನಿರ್ಧರಿಸಿದೆ. ಮರುದಿನ ಬ್ಲೇಡು ತೆಗೆದುಕೊಂಡು ಆ ಏಳು ನಿಮಿಷವನ್ನು ಕತ್ತರಿಸಿ ತೆಗೆದೆ. ಗದಗೇ ಕೊನೆಯ ಊರು, ಅಲ್ಲಿಂದ ಪ್ರಿಂಟ್ ವಾಪಸಾದ ಮೇಲೆ ಮತ್ತೆ ಅಂಟಿಸಿ, ಅದನ್ನು ಕೊಟ್ಟಿದ್ದ ದೂತಾವಾಸಕ್ಕೆ ಕಳಿಸುವುದು, ಯಾರಿಗೂ ತಿಳಿಯುವುದಿಲ್ಲ. ಇದು ನನ್ನ ಲೆಕ್ಕ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕತ್ತರಿಸುವಾಗ ಬ್ಲೇಡು ಜಾರಿ, ಪ್ರೊಜೆಕ್ಟರಿನ ಹಲ್ಲು ಕೂರುವ ಅಂಚಿನ ತೂತುಗಳು ಹರಿದವು. ಅಂಟಿಸಲು ಹೋದಷ್ಟೂ ಹರಿಯಿತು. ಗದಗಿಗೆ ಕಳಿಸುವ ಮಾತೇ ಉಳಿಯಲಿಲ್ಲ. ಹರಿದ ಪ್ರಿಂಟ್ ದೂತಾವಾಸಕ್ಕೆ ಹೋದರೆ ಸೊಸೈಟಿಗೆ ಮುಂದೆ ಸಿನಿಮಾವೇ ಸಿಗುವುದಿಲ್ಲ, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪಾರ್ಸಲ್ ಕಳೆಯಿತು ಎಂದು ಬರೆದೆ. ಕಳೆದದ್ದಕ್ಕೆ ಯಾರೂ ಯಾರನ್ನೂ ಬೈಯಲಿಲ್ಲ. ಆ ಪತ್ರ ಒಬ್ಬ ಮನುಷ್ಯನ ಕೈ ಸೇರುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ದೂತಾವಾಸದ ಕಡತಕ್ಕೆ ಬರೆದಿದ್ದೆ, ಅಷ್ಟೇ.

ಮೂರೂ ಡಬ್ಬಿಗಳು ಮೊದಲ ದಿನದಿಂದ ನನ್ನ ಕಪಾಟಿನಲ್ಲಿವೆ. ಹುಡುಕುತ್ತೇನೆ ಎಂದದ್ದು ಸುಳ್ಳು, ಮೊಣಕಾಲೂ ಸುಳ್ಳು. ಕತ್ತರಿಸಿದ ಸುರುಳಿ ಬೇರೆಯಾಗಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ. ಫಿಲ್ಮ್ ನೋಡಲು ಸೊಸೈಟಿಯಲ್ಲಿದ್ದ, ಕೈಯಿಂದ ತಿರುಗಿಸುವ ವ್ಯೂವರಿನಲ್ಲಿ ಅದನ್ನು ವರ್ಷಕ್ಕೆ ಹತ್ತು ಸಲವಾದರೂ ನೋಡುತ್ತಿದ್ದೆ. ನೋಯುವ ಹಲ್ಲಿಗೇ ನಾಲಿಗೆ ಹೋಗುತ್ತದಲ್ಲ, ಹಾಗೆ. 2009ರ ನಂತರ ಸುರುಳಿ ಬಿಚ್ಚಿಕೊಳ್ಳಲಿಲ್ಲ. ಗಾಳಿ ತಾಗದಿರಲಿ ಎಂದು ಮುಚ್ಚಳಕ್ಕೆ ಮೇಣ ಹಚ್ಚಿ ಇಟ್ಟೆ.

ನಿನ್ನ ಕಾಗದವನ್ನು ಪ್ರಭಾಳಿಗೆ ತೋರಿಸಿದೆ. ಅವಳಿಗೂ ಇಷ್ಟು ವರ್ಷ ಹೇಳಿರಲಿಲ್ಲ. ಓದಿ ಹೇಳಿದಳು: ‘ನಿಮ್ಮ ಮರ್ಯಾದಿ ಡಬ್ಬ್ಯಾಗ ಇಟ್ಟೀರಿ, ಅದರ ಜೋಡಿ ಆ ಮನಷ್ಯಾನ ಹೆಂಡ್ತೀನೂ ಇಟ್ಟೀರಿ. ಇವತ್ತ ಕಳಸ್ರಿ.’ ಮಧ್ಯಾಹ್ನವೇ ಇಬ್ಬರೂ ಹೋಗಿ ನಾಲ್ಕು ಡಬ್ಬಿಗಳನ್ನೂ ಕೊರಿಯರಿಗೆ ಕೊಟ್ಟು ಬಂದೆವು.

ಅವರಿಗೆ ಹೇಳು. ಕ್ಷಮೆ ಕೇಳು ಎಂದು ಬರೆಯುತ್ತಿಲ್ಲ, ಹೇಳು ಅಷ್ಟೇ.

ಬಸವಪ್ರಸಾದ್

ಹೋಬೋಕನ್
29 ಮೇ 2024

ಸರ್,

ಒಂದು ತಿಂಗಳು ಬರೆಯಲಿಲ್ಲ. ಮೊದಲು ಸಿಟ್ಟಿತ್ತು, ಆಮೇಲೆ ಬರೆಯಲು ಒಳ್ಳೆಯ ಸುದ್ದಿ ಇರಲಿಲ್ಲ.

ಡಬ್ಬಿಗಳು ಮೇ ಹತ್ತಕ್ಕೆ ಬಂದವು. ಮೂರೂ ರೀಲುಗಳನ್ನು ಲ್ಯಾಬಿನವರು ಉಳಿಸಿದ್ದಾರೆ, ಗೆರೆಗಳಿವೆ, ಆದರೆ ಸಿನಿಮಾ ಇದೆ. ಬಿಸ್ಕತ್ತಿನ ಡಬ್ಬಿಯದು ಆಗಲಿಲ್ಲ. ಗಾಳಿ ಆಡದೆ ಅದರ ಆಮ್ಲ ಅದನ್ನೇ ತಿಂದಿದೆ. ಸುರುಳಿ ಬೆಲ್ಲದ ಅಚ್ಚಿನಂತೆ ಒಂದೇ ಗಟ್ಟಿ. ಹದಿನೈದು ದಿನ ಪ್ರಯತ್ನಪಟ್ಟು ಬಿಡಿಸಿದ್ದರಲ್ಲಿ ಒಂದು ಚೌಕದಲ್ಲೂ ಚಿತ್ರ ಉಳಿದಿಲ್ಲ. ಮೇಣ ಹಚ್ಚದಿದ್ದರೆ ಉಳಿಯುತ್ತಿತ್ತಂತೆ. ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ.

ಅಷ್ಟರಲ್ಲಿ, ಹತ್ತೊಂಬತ್ತನೆಯ ತಾರೀಕು ಅವರ ಎಡಗಣ್ಣಿನೊಳಗೆ ರಕ್ತ ಒಡೆಯಿತು. ಈಗ ಬೆಳಕು ಕತ್ತಲು ಮಾತ್ರ ಗೊತ್ತಾಗುತ್ತದೆ. ಶಾಟ್ ಉಳಿದಿದ್ದರೂ ಅವರು ನೋಡುವಂತಿರಲಿಲ್ಲ. ಇದರಲ್ಲಿ ಸಮಾಧಾನ ಹುಡುಕಬೇಡಿ, ನಾನೂ ಹುಡುಕುತ್ತಿಲ್ಲ. ಜನವರಿಯಲ್ಲೇ ಬಂದಿದ್ದರೆ ಉಳಿದದ್ದನ್ನಾದರೂ ಕಣ್ತುಂಬ ನೋಡುತ್ತಿದ್ದರು.

ಇವತ್ತು ಎಲ್ಲವನ್ನೂ ಹೇಳಿದೆ. ಬ್ಲೇಡು, ಪತ್ರ, ಡಬ್ಬಿ, ಎಲ್ಲ. ನಿಮ್ಮ ಹೆಸರು ಮೊದಲ ದಿನವೇ ಅವರಿಗೆ ಗೊತ್ತಾಗಿತ್ತಂತೆ. ಹೇಳಿದರೆ ನಾನು ನಿಮಗೆ ಬರೆಯುವುದನ್ನು ನಿಲ್ಲಿಸುತ್ತೇನೆಂದು ಸುಮ್ಮನಿದ್ದರಂತೆ. ಆಮೇಲೆ ಕೇಳಿದ್ದು ಇದು: ‘ಕತ್ತರಿಸಿದ ಮೇಲೆ ಆತ ಅದನ್ನು ನೋಡಿದ್ದಾನೆಯೇ?’ ವರ್ಷಕ್ಕೆ ಹತ್ತು ಸಲ ಎಂದೆ. ಹಾಗಾದರೆ ಲೋಕದಲ್ಲಿ ಅದನ್ನು ಸರಿಯಾಗಿ ನೋಡಿದವನು ಆತನೊಬ್ಬನೇ ಎಂದರು.

ಅವರು ಹೇಳಿದ್ದನ್ನು ಬರೆಯುತ್ತೇನೆ. ಫೆಬ್ರವರಿ ತಿಂಗಳು, ಹಿಮದ ಊರು. ಹೆಂಡತಿಯಿಂದ ಆ ಶಾಟನ್ನು ಹನ್ನೊಂದು ಸಲ ಮಾಡಿಸಿದರು. ತಣ್ಣೀರು. ಅವಳೊಳಗೆ ಕಾಯಿಲೆ ಇತ್ತು. ಸಿನಿಮಾದಲ್ಲಿ ಇಟ್ಟದ್ದು ಹನ್ನೊಂದನೆಯದು. ಅವಳು ಹೋದ ಮೇಲೆ ನೆಗೆಟಿವ್ ಹೋಯಿತು, ಪ್ರಿಂಟ್ ಹೋಯಿತು, ಮನಸ್ಸಿನಲ್ಲಿದ್ದ ಮುಖವೂ ದಿನಕ್ಕೊಂದು ಬಗೆಯಾಯಿತು. ಒಂದು ದಿನ ನಗುತ್ತಾಳೆ, ಒಂದು ದಿನ ಅಳುತ್ತಾಳೆ. ಅವರಿಗೆ ಬೇಕಾಗಿರುವುದು ಒಂದೇ ಉತ್ತರ. ‘ಆ ಶಾಟಿನಲ್ಲಿ ಅವಳಿಗೆ ನನ್ನ ಮೇಲೆ ಸಿಟ್ಟಿತ್ತೇ? ಆತನನ್ನು ಕೇಳು.’

ಅವರು ನನ್ನನ್ನೇ ಮೊದಲು ಕೇಳಿದರು ಸರ್, ನೋಡಿದ್ದೀಯಲ್ಲ ಎಂದು. ನಾನು ನೋಡಿಲ್ಲ. ಆ ದಿನ ಎಲ್ಲರ ಜೊತೆ ನಾನೂ ನಕ್ಕೆ. ಹಿಂದೆ ತಿರುಗಿ ಯಾರು ಹಾಗೆ ಅಂದರು ಎಂದು ಹುಡುಕುತ್ತಿದ್ದೆ. ಎಂಟು ತಿಂಗಳಿಂದ ಅವರಿಗೆ ನೋಡಿದ್ದೇನೆ, ನೋಡಿದ್ದೇನೆ ಎಂದು ಹೇಳುತ್ತ ಬಂದಿದ್ದೇನೆ. ನಿಮಗೆ ಬೈಯುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ.

ಬರೆಯಿರಿ. ದಯವಿಟ್ಟು ತಡಮಾಡಬೇಡಿ. ಅವರು ಊಟ ಬಿಟ್ಟಿದ್ದಾರೆ.

ನಿರುಪಮಾ

ಧಾರವಾಡ
2 ಜೂನ್ 2024

ಚಿ. ನಿರುಪಮಾ,

ನಾಲ್ಕು ದಿನ ಹಿಡಿಯಿತು. ಇಲ್ಲ, ಸಿಟ್ಟಿರಲಿಲ್ಲ, ನಗುತ್ತಿದ್ದರು ಎಂದು ಬರೆದರೆ ಅವರು ಊಟ ಮಾಡುತ್ತಾರೆ. ಹಾಗೆಂದೇ ಮೊದಲು ಟೈಪ್ ಮಾಡಿದ್ದೆ. ಒಮ್ಮೆ ಅವರಿಗೆ ಒಳ್ಳೆಯ ಭಾಷೆಯಲ್ಲಿ ಸುಳ್ಳು ಬರೆದವನು, ಎರಡನೆಯ ಸಲ ಆಗಲಿಲ್ಲ. ಕಂಡದ್ದನ್ನು ಬರೆದಿದ್ದೇನೆ. ಅವರಿಗೆ ಓದಿ ಹೇಳು.

ಮೊದಲು ಖಾಲಿ ಅಡುಗೆಮನೆ. ಎಡಕ್ಕೆ ಕಿಟಕಿ, ನಾಲ್ಕು ಗಾಜು, ಒಡೆದ ಒಂದಕ್ಕೆ ಕಾಗದ ಅಂಟಿಸಿದೆ. ಆಕೆ ಬಲದಿಂದ ಬರುತ್ತಾರೆ. ಮರದ ಬಕೆಟ್ಟು ಇಡುವಾಗ ನೀರು ತುಳುಕಿ ಪಾದದ ಮೇಲೆ ಬೀಳುತ್ತದೆ, ಕಾಲ್ಬೆರಳು ಮಡಚಿಕೊಳ್ಳುತ್ತವೆ. ಕೂರುತ್ತಾರೆ. ಪಾತ್ರೆಯಲ್ಲಿ ಅಕ್ಕಿ ಇದೆ. ನೀರು ಹುಯ್ದು ಬಲಗೈಯಿಂದ ತಿರುವುತ್ತಾರೆ. ನಮ್ಮ ಹೆಂಗಸರು ತಿಕ್ಕಿ ತೊಳೆಯುತ್ತಾರೆ, ಆಕೆ ತಿರುವುತ್ತಾರೆ. ಬಿಳಿ ನೀರನ್ನು ಅಂಗೈ ಅಡ್ಡ ಹಿಡಿದು ಬಸಿಯುತ್ತಾರೆ, ಒಂದು ಕಾಳೂ ಹೋಗುವುದಿಲ್ಲ. ಎರಡನೆಯ ನೀರು. ಬಾಯಿಂದ ಹೊಗೆ ಬರುತ್ತಿದೆ, ಅಷ್ಟು ಚಳಿ. ಕೂದಲ ಎಳೆಯೊಂದು ಕಣ್ಣಿಗೆ ಬಿದ್ದಾಗ ಮೊಣಕೈಯಿಂದ ಹಿಂದಕ್ಕೆ ತಳ್ಳುತ್ತಾರೆ, ಅದು ನಿಲ್ಲುವುದಿಲ್ಲ, ಮತ್ತೆ ಬೀಳುತ್ತದೆ, ಆಕೆ ಬಿಟ್ಟುಬಿಡುತ್ತಾರೆ.

ಮೂರನೆಯ ನೀರು ತಿಳಿಯಾಗಿಯೇ ಇದೆ. ಅಲ್ಲಿಗೆ ಮುಗಿಯಬೇಕು. ಆದರೆ ಆಕೆ ಮತ್ತೆ ಬಕೆಟ್ಟಿಗೆ ಕೈ ಹಾಕುತ್ತಾರೆ, ಯಾರೋ ಇನ್ನೂ ಬೇಕು ಎಂದ ಹಾಗೆ. ಬೆರಳುಗಳು ಈಗ ಸರಿಯಾಗಿ ಮಡಚುತ್ತಿಲ್ಲ. ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕ್ಷಣ ಕೂರುತ್ತಾರೆ. ಆಮೇಲೆ ತಲೆಯೆತ್ತಿ ನೇರವಾಗಿ ನೋಡುತ್ತಾರೆ, ನನ್ನನ್ನಲ್ಲ, ಕ್ಯಾಮೆರಾದ ಪಕ್ಕದಲ್ಲಿರುವವರನ್ನು. ಹುಬ್ಬು ಗಂಟಿಕ್ಕಿದೆ. ಮೂಗಿನ ಹೊಳ್ಳೆ ಅರಳಿದೆ. ಏನೋ ಒಂದು ಮಾತು, ನಾಲ್ಕೈದು ಅಕ್ಷರ ಇರಬಹುದು, ತುಟಿ ಆಡುತ್ತದೆ. ಸಿನಿಮಾದಲ್ಲಿ ಅಲ್ಲಿ ಧ್ವನಿ ಇಲ್ಲ, ಏನೆಂದು ನನಗೆ ಗೊತ್ತಾಗಲಿಲ್ಲ. ನಾನು ಪೇಪರು ಓದುತ್ತ ಕೂತು, ಪ್ರಭಾ ಮೂರು ಸಲ ಕರೆದರೂ ಏಳದಿದ್ದಾಗ ಅವಳು ನೋಡುವ ನೋಟ ಅದು. ನೋಟದಲ್ಲಿ ಪ್ರೀತಿ ಇತ್ತೇ ಎಂದು ಬಹಳ ಸಲ ಹುಡುಕಿದ್ದೇನೆ. ನನಗೆ ಕಾಣಲಿಲ್ಲ. ಸಿಟ್ಟಿತ್ತು.

ಆಮೇಲೆ ನಾಲ್ಕನೆಯ ಸಲವೂ ತೊಳೆಯುತ್ತಾರೆ, ಮೊದಲಿನಷ್ಟೇ ನಿಧಾನವಾಗಿ. ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು, ಮತ್ತೆ ಈ ಕಡೆ ನೋಡದೆ ಬಲಕ್ಕೆ ಹೋಗುತ್ತಾರೆ. ಪಾತ್ರೆ ಉಳಿಯುತ್ತದೆ. ಮುಚ್ಚಳದ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ, ಒಂಬತ್ತು ಹನಿ.

ಇಷ್ಟೇ ನಾನು ಕಂಡದ್ದು.

ಬಸವಪ್ರಸಾದ್

ಹೋಬೋಕನ್
5 ಜೂನ್ 2024

ಪೂಜ್ಯ ಸರ್,

ಇವತ್ತು ಓದಿದೆ. ಮಿದೋರಿ ರಜೆ ಹಾಕಿ ಬಂದಿದ್ದಳು. ಇಂಗ್ಲಿಷಿಗೆ ತಿರುಗಿಸಿ ಮೊದಲೇ ಅವಳಿಗೆ ಕಳಿಸಿದ್ದೆ. ಸಿಟ್ಟಿನ ಮಾತನ್ನು ಬಿಟ್ಟುಬಿಡು ಎಂದು ಬಾಗಿಲಲ್ಲೇ ನನ್ನ ಕೈ ಹಿಡಿದಳು. ಬಿಡೋಣ ಎಂದೇ ನಾನೂ ಒಳಗೆ ಹೋದೆ. ಆ ಸಾಲು ಬಂದಾಗ ನಿಂತೆ. ನಾನು ನಿಂತದ್ದು ಅವರಿಗೆ ತಿಳಿಯಿತು. ಓದು ಎಂದರು. ಓದಿದೆ.

ಅವರು ನಕ್ಕರು ಸರ್. ನನಗೆ ಹೆದರಿಕೆಯಾಗಿ ಮಿದೋರಿಯ ಮುಖ ನೋಡಿದೆ. ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು, ಆ ಮಾತು ಏನೆಂದು ಅವರೇ ಹೇಳಿದರು. ‘ಅಕ್ಕಿ ನುಚ್ಚಾಗ್ತಾ ಇದೆ.’ ಹನ್ನೊಂದು ಸಲ ತೊಳೆದದ್ದು ಅದೇ ಅಕ್ಕಿಯನ್ನು. ಆಕೆ ಮೈಗೆ ಹುಷಾರಿಲ್ಲ ಎನ್ನಲಿಲ್ಲ, ಚಳಿ ಎನ್ನಲಿಲ್ಲ, ಅನ್ನ ಕೆಡುತ್ತದೆ ಎಂದು ಗದರಿಸಿದರು. ಆ ಮಾತನ್ನು ಅವರು ಮರೆತೇಬಿಟ್ಟಿದ್ದರಂತೆ. ‘ನಲವತ್ತು ವರ್ಷ ಎಲ್ಲರೂ ನನಗೆ ನಗುವ ಹೆಂಡತಿಯನ್ನೇ ಕೊಟ್ಟರು. ಇವಳು ಸೆತ್ಸು’ ಎಂದರು. ಮಧ್ಯಾಹ್ನ ಮಿದೋರಿ ಮಾಡಿದ ಗಂಜಿ ಕುಡಿದರು, ಇನ್ನೊಂದು ಬಟ್ಟಲು ಕೇಳಿ ಕುಡಿದರು.

ನಿಮ್ಮನ್ನು ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೊರಡುವಾಗ ಒಂದು ಅಪ್ಪಣೆ ಕೊಟ್ಟರು, ನಿರ್ದೇಶಕರ ಧ್ವನಿಯಲ್ಲಿ. ಶನಿವಾರ ಸಿನಿಮಾ ನೀವು ಕತ್ತರಿಸಿದಲ್ಲಿಗೆ ಬಂದಾಗ ದೀಪ ಹಾಕಬಾರದು. ಪರದೆ ಕಪ್ಪಾಗಿರಬೇಕು. ಆ ಕತ್ತಲೆಯಲ್ಲಿ ನಾನು ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಬೇಕು, ಬರೆದವರು ಯಾರು ಎಂದೂ ಹೇಳಬೇಕು.

ಹೆಸರು ಬೇಡ ಎಂದು ನೀವು ಮಾರ್ಚಿನಲ್ಲೇ ಬರೆದಿದ್ದೀರಿ. ಹೇಳಿದರೆ ಎಲ್ಲ ಗೊತ್ತಾಗುತ್ತದೆ. ಧಾರವಾಡದವರು ಇಲ್ಲಿ ಕಡಿಮೆ ಇಲ್ಲ, ನಿಮ್ಮ ಹಳೆಯ ವಿದ್ಯಾರ್ಥಿಗಳೇ ಎಂಟು ಹತ್ತು ಜನ ಬರುತ್ತಾರೆ. ಸೋಮವಾರದ ಹೊತ್ತಿಗೆ ಸುದ್ದಿ ನಿಮ್ಮ ಓಣಿಯಲ್ಲಿರುತ್ತದೆ. ನೀವು ಬೇಡ ಎಂದರೆ ಓದುವುದಿಲ್ಲ, ಅವರಿಗೆ ನಾನೇ ಏನಾದರೂ ಹೇಳಿಕೊಳ್ಳುತ್ತೇನೆ. ಇನ್ನು ಮೂರೇ ದಿನ. ಏನು ಮಾಡಲಿ?

ನಿರುಪಮಾ

ಧಾರವಾಡ
6 ಜೂನ್ 2024

ಚಿ. ನಿರುಪಮಾ,

ಓದು. ನನ್ನ ಹೆಸರು ಹೇಳು, ಊರು ಹೇಳು. ಇದನ್ನು ಕತ್ತರಿಸಿದವನು, ಕಳೆಯಿತೆಂದು ಸುಳ್ಳು ಬರೆದವನು ಇವನೇ ಎಂದು ಮೊದಲು ಹೇಳಿ, ಆಮೇಲೆ ಓದು. ಇಲ್ಲಿಯವರಿಗೆ ನಾಳೆ ನಾನೇ ಹೇಳುತ್ತೇನೆ.

ಒಂದೇ ಚಿಂತೆ. ಬೆಳಿಗ್ಗೆ ಪ್ರಭಾ ಕಾಗದವನ್ನು ಗಟ್ಟಿಯಾಗಿ ಓದಿದಳು, ನಾನು ಗಡಿಯಾರ ಹಿಡಿದು ಕೂತಿದ್ದೆ. ಮೂರು ನಿಮಿಷಕ್ಕೆ ಮುಗಿದುಹೋಯಿತು. ಅದು ಸಾಲದು. ನೀನು ಮೊದಲಿನಿಂದಲೂ ಅವಸರದವಳು. ಪ್ರತಿ ಸಾಲಿನ ಮೇಲೆ ನಿಲ್ಲು, ಜನ ಮಿಸುಕಾಡಿದರೂ ನಿಲ್ಲು. ಆಕೆಗೆ ಏಳು ನಿಮಿಷ ಪೂರ್ತಿ ಕೊಡು.

ಬಸವಪ್ರಸಾದ್